ಓದುಗರ ಪ್ರಶ್ನೆ: ಕೆರೆ ಏರಿಯ ಮೇಲೆ ಬೆಳಗಿನ ಹೊತ್ತು

ಪ್ರಶ್ನೆ: ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಭಾನುವಾರ ಬೆಳಿಗ್ಗೆ ಹೋಗುತ್ತೇನೆ. ಆಚೆ ಕೂತ ಹಕ್ಕಿಗಳೆಲ್ಲ ಕಪ್ಪು ನೆರಳಿನಂತೆ ಕಾಣುತ್ತವೆ. ದುರ್ಬೀನು ಕೆಟ್ಟಿದೆಯೇ?

ಉತ್ತರ: ದುರ್ಬೀನು ಚೆನ್ನಾಗಿಯೇ ಇದೆ, ನೀವು ನಿಂತ ಜಾಗ ಸರಿಯಿಲ್ಲ. ಬೆಳಗಿನ ಸೂರ್ಯ ಬೆನ್ನಿಗಿರಬೇಕು. ಹಾಗಾಗಿ ಮೊದಲು ಪೂರ್ವದ ದಂಡೆ ಹಿಡಿದು ಪಶ್ಚಿಮಕ್ಕೆ ಮುಖ ಮಾಡಿ. ಎದುರು ಬಿಸಿಲಿಗೆ ಸಿಕ್ಕಿಕೊಂಡರೆ ಬಣ್ಣ ಬಿಟ್ಟು ಆಕಾರ ನೋಡಿ: ಹಾವಕ್ಕಿಯ ಕೊಕ್ಕು ಈಟಿಯಂತೆ ನೇರ, ನೀರುಕಾಗೆಯದ್ದು ತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕುಣಿಯತೊಡಗುತ್ತದೆ, ಆಗ ಎಂಥ ದುರ್ಬೀನಿನಲ್ಲೂ ಚಿತ್ರ ನಡುಗುತ್ತದೆ.

ಪ್ರಶ್ನೆ: ಕನ್ನಡಕ ಹಾಕುತ್ತೇನೆ. ದುರ್ಬೀನಿನಲ್ಲಿ ಸುತ್ತ ಕಪ್ಪು ಉಂಗುರ, ಒಂದು ಕಣ್ಣಿಗೆ ಸದಾ ಮಸುಕು.

ಉತ್ತರ: ಕಣ್ಣಿನ ರಬ್ಬರ್ ಬಟ್ಟಲನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಇಲ್ಲವೇ ಮಡಚಿ. ಮಸುಕಿಗೆ ಪರಿಹಾರ ಹೀಗೆ: ಬಲಗಣ್ಣು ಮುಚ್ಚಿ, ನಡುವಿನ ಚಕ್ರದಿಂದ ಎಡಗಣ್ಣಿಗೆ ದೂರದ ಒಂದು ಕೊಂಬೆಯನ್ನು ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ ಬಲಗಡೆಯ ಸಣ್ಣ ಬಳೆಯಿಂದ ಅದೇ ಕೊಂಬೆಯನ್ನು ಸ್ಪಷ್ಟ ಮಾಡಿ. ಬಳೆ ನಿಂತ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಚೀಲದೊಳಗೆ ಉಜ್ಜಿಕೊಂಡು ಅದು ಸರಿದೇ ಸರಿಯುತ್ತದೆ. ಹೊಸದು ಕೊಳ್ಳುವುದಾದರೆ 8x42 (8 ಪಟ್ಟು ದೊಡ್ಡದು ಮಾಡುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು. 10 ಪಟ್ಟಿನದರಲ್ಲಿ ಹಕ್ಕಿಯ ಜೊತೆ ಕೈನಡುಕವೂ ದೊಡ್ಡದಾಗುತ್ತದೆ.

ಪ್ರಶ್ನೆ: ಬೆಳ್ಳಕ್ಕಿಗಳೆಲ್ಲ ಒಂದೇ ಥರ ಕಾಣುತ್ತವೆ. ಬೇರ್ಪಡಿಸುವುದು ಹೇಗೆ?

ಉತ್ತರ: ಕೆರೆಗೆ ಬರುವ ಬಹುಪಾಲು ಜನ ಎಡವುವುದು ಇಲ್ಲೇ. ಕಾಲಿನಿಂದ ಶುರು ಮಾಡಿ. ಕಪ್ಪು ಕೊಕ್ಕು, ಕಪ್ಪು ಕಾಲು, ಆದರೆ ಪಾದ ಮಾತ್ರ ಹಳದಿ ಕಾಲುಚೀಲ ತೊಟ್ಟಂತಿದ್ದರೆ ಅದು ಕಿರು ಬೆಳ್ಳಕ್ಕಿ. ಅದು ಕೆಸರಿನಲ್ಲಿ ನಿಂತಿದ್ದರೆ ಈ ಗುರುತು ಕಾಣದು. ಕಾಲೆತ್ತುವವರೆಗೆ, ಇಲ್ಲವೇ ಹಾರುವವರೆಗೆ ಕಾಯಿರಿ. ಗಿಡ್ಡ ಕುತ್ತಿಗೆ, ಗಲ್ಲ ಉಬ್ಬಿದಂಥ ಮುಖ, ದನದ ಹಿಂದೆ ಓಡಾಟ: ಗೋವಕ್ಕಿ. ಮರಿ ಮಾಡುವ ಕಾಲದಲ್ಲಿ ಅದರ ತಲೆ, ಕುತ್ತಿಗೆ ಕಿತ್ತಳೆಗೆ ತಿರುಗುತ್ತವೆ.

ಕಷ್ಟ ಇರುವುದು ದೊಡ್ಡ ಬೆಳ್ಳಕ್ಕಿಗೂ ಮಧ್ಯಮ ಬೆಳ್ಳಕ್ಕಿಗೂ ನಡುವೆ. ಹಳದಿ ಕೊಕ್ಕನ್ನು ನಂಬಬೇಡಿ, ಮರಿ ಮಾಡುವ ಕಾಲದಲ್ಲಿ ಎರಡರದ್ದೂ ಕಪ್ಪಾಗುತ್ತದೆ. ಕೊಕ್ಕಿನ ಬುಡದಿಂದ ಹಿಂದಕ್ಕೆ ಸಾಗುವ ಬಾಯಿಯ ಗೆರೆ ನೋಡಿ. ಅದು ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ದೊಡ್ಡದು, ಕಣ್ಣಿನ ಕೆಳಗೇ ನಿಂತರೆ ಮಧ್ಯಮ. ಗೆರೆ ಕಾಣದಷ್ಟು ದೂರವಿದ್ದರೆ ‘ಬೆಳ್ಳಕ್ಕಿ, ಜಾತಿ ಗೊತ್ತಾಗಲಿಲ್ಲ’ ಎಂದು ಬರೆಯಿರಿ. ಊಹಿಸಿ ಬರೆದ ಹೆಸರಿಗಿಂತ ಅದೇ ಮೇಲು. ದಂಡೆಯಲ್ಲಿ ಕಂದು ಬಣ್ಣದಲ್ಲಿ ಕೂತಿದ್ದು ಹಾರಿದ ಕೂಡಲೇ ಬೆಳ್ಳಗಾದರೆ ಅದು ಕೊಳದ ಬಕ. ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಪ್ರಶ್ನೆ: ಹಕ್ಕಿಯ ಕೂಗು ಗುರುತಿಸುವ ಮರ್ಲಿನ್ ಆ್ಯಪ್ ಕೇಳಿಸಿಕೊಂಡು ಹೇಳಿದ ಹಕ್ಕಿಗಳನ್ನು ಇ-ಬರ್ಡ್ (ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) ಪಟ್ಟಿಗೆ ಹಾಕಬಹುದೇ?

ಉತ್ತರ: ನೀವೂ ಕೇಳಿ, ಗುರುತಿಸಿದ್ದನ್ನು ಮಾತ್ರ. ಕಾಜಾಣ ಶಿಕ್ರಾ ಗಿಡುಗದ ಕೂಗನ್ನು ಅಣಕಿಸುತ್ತದೆ, ಫೋನು ಮೋಸ ಹೋಗಬಹುದು. ಪಟ್ಟಿಯಲ್ಲಿ ಹೊರಟ ಹೊತ್ತು, ನಡೆದ ದೂರ, ಪ್ರತಿ ಹಕ್ಕಿಯ ಎಣಿಕೆ ಇರಲಿ. ಹೆಜ್ಜಾರ್ಲೆಗಳ (ಪೆಲಿಕನ್) ಹಿಂಡಾದರೆ ಮೊದಲು 10 ಹಕ್ಕಿ ಎಣಿಸಿ, ಅಷ್ಟು ಅಗಲದ ತುಂಡುಗಳು ಎಷ್ಟಿವೆ ಎಂದು ನೋಡಿ. ಕಾಗೆ, ಗೊರವಂಕಗಳನ್ನು ‘ಮಾಮೂಲಿ’ ಎಂದು ಬಿಟ್ಟಿದ್ದರೆ ಪಟ್ಟಿ ಪೂರ್ಣವೆಂದು ಗುರುತು ಹಾಕಬೇಡಿ.

ಪ್ರಶ್ನೆ: ಟಿಟ್ಟಿಭ ತಲೆಯ ಮೇಲೆಯೇ ಎರಗಿ ಕಿರುಚುತ್ತದೆ. ಏಕೆ?

ಉತ್ತರ: ಹತ್ತಿರದಲ್ಲೇ ಅದರ ಮೊಟ್ಟೆಯೋ ಮರಿಯೋ ಇದೆ. ಗೂಡೆಂದರೆ ಬರಿ ನೆಲದ ಮೇಲೊಂದು ತಗ್ಗು, ಮೊಟ್ಟೆಗೆ ಮಣ್ಣಿನದೇ ಬಣ್ಣ. ಹುಡುಕಲು ಹೋದರೆ ತುಳಿಯುತ್ತೀರಿ. ಬಂದ ಹೆಜ್ಜೆಯಲ್ಲೇ ಹಿಂದಿರುಗಿ.