ಕಾನೂನು ಉಳಿಯಿತು, ಕೂಸಿನ ಮನೆ ಮುಚ್ಚಿತು

ಮಾನ್ಯರೇ,

ರಷ್ಯಾದ ಕ್ರಾಂತಿಯನ್ನು ಕುರಿತ ಕಳೆದ ಸಂಚಿಕೆಯ ಲೇಖನವನ್ನು ಓದಿ, “ಹೆಂಗಸರಿಗೆ ಬೊಲ್ಷೆವಿಕರು ಕೊಟ್ಟ ಸಮಾನತೆ ಬರೀ ಕಾಗದದ ಮೇಲಿನದು, ಇಲ್ಲವಾದರೆ 1930ರಲ್ಲಿ ಪಕ್ಷವು ತನ್ನದೇ ಮಹಿಳಾ ವಿಭಾಗವನ್ನು ಏಕೆ ಮುಚ್ಚಿತು?” ಎಂದು ತಾವು ಬರೆದಿದ್ದೀರಿ. ಪ್ರಶ್ನೆ ನ್ಯಾಯವಾದದ್ದು, ಆದರೆ “ಬರೀ ಕಾಗದ” ಎಂಬ ಮಾತನ್ನು ನಾನು ಒಪ್ಪಲಾರೆ.

1917ರ ಮಾರ್ಚ್ 8ರಂದು ಅಂದಿನ ರಾಜಧಾನಿ ಪೆಟ್ರೋಗ್ರಾಡಿನ ಜವಳಿ ಗಿರಣಿಗಳಿಂದ ಹೊರಬಿದ್ದು, ರೊಟ್ಟಿಗಾಗಿ ಕೂಗುತ್ತ ಬೀದಿಗಿಳಿದ ಹೆಂಗಸರಿಂದಲೇ ರಷ್ಯಾದ ದೊರೆ ಝಾರನ ಪತನ ಮೊದಲಾಯಿತು. ವರ್ಷಾಂತ್ಯದ ಹೊತ್ತಿಗೆ ಲೆನಿನ್ ನೇತೃತ್ವದ ಬೊಲ್ಷೆವಿಕರ ಹೊಸ ಸರ್ಕಾರ ಮದುವೆ, ವಿಚ್ಛೇದನಗಳನ್ನು ಚರ್ಚಿನ ಕೈಯಿಂದ ಬಿಡಿಸಿತ್ತು. ಕಾರ್ಖಾನೆಯಲ್ಲಿ ದುಡಿಯುವ ಬಸುರಿಗೆ ಹೆರಿಗೆಯ ಮುಂಚೆ 8 ವಾರ, ಆಮೇಲೆ 8 ವಾರ ಭತ್ಯೆಸಹಿತ ರಜೆ ಸಿಕ್ಕಿತು. ನಮ್ಮಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಹೆರಿಗೆ ಸೌಲಭ್ಯ ಕಾಯಿದೆ ಬಂದದ್ದು 1961ರಲ್ಲಿ, ಅದೂ 12 ವಾರಗಳಿಗೆ, ಎಂಬುದನ್ನು ನೆನೆದರೆ ಅದರ ತೂಕ ತಿಳಿದೀತು.

ಹಾಲೂಡುವ ತಾಯಿಗೆ ಮೂರು-ಮೂರೂವರೆ ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಕೊಡಬೇಕೆಂದೂ ಆ ಕಾನೂನು ಹೇಳಿತು. ಮಗ್ಗವನ್ನು ಪಕ್ಕದವಳಿಗೆ ಒಪ್ಪಿಸಿ, ತಲೆವಸ್ತ್ರಕ್ಕೆ ಅಂಟಿದ ಹತ್ತಿಯ ನವಿರನ್ನು ಕೊಡವಿಕೊಂಡು, ಗಿರಣಿಯ ಅಂಗಳದಲ್ಲೇ ಇರುವ ಕೂಸಿನ ಮನೆಗೆ ಹೋಗಿ ಬರುವ ಹೆಣ್ಣಿಗೆ ಅದು ಕಾಗದವಲ್ಲ, ಮಗುವಿನ ಹೊಟ್ಟೆಯ ಮಾತು. ಆದರೆ ಅಂಗಳದಲ್ಲಿ ಕೂಸಿನ ಮನೆಯೇ ಇಲ್ಲವಾದರೆ ಆ ಅರ್ಧ ಗಂಟೆಯಲ್ಲಿ ಅವಳು ಹೋಗುವುದಾದರೂ ಎಲ್ಲಿಗೆ?

1921ರಲ್ಲಿ ಹೊಸ ಆರ್ಥಿಕ ನೀತಿ ಬಂದು, ಪ್ರತಿ ಕಾರ್ಖಾನೆಯೂ ತನ್ನ ಖರ್ಚನ್ನು ತಾನೇ ತೂಗಿಸಬೇಕಾದಾಗ ಆದದ್ದು ಅದೇ. ಕೂಸಿನ ಮನೆಗಳು, ಸಾರ್ವಜನಿಕ ಊಟದ ಮನೆಗಳು ಸಾಲಾಗಿ ಮುಚ್ಚಿದವು. ಸೇನೆಯಿಂದ ಗಂಡಸರು ಮರಳುತ್ತಿದ್ದರು. ಹೆರಿಗೆ ರಜೆ ಕೊಡಬೇಕಾದ, ರಾತ್ರಿ ಪಾಳಿಗೆ ಹಾಕಲಾಗದ ಹೆಣ್ಣಾಳು ವ್ಯವಸ್ಥಾಪಕರ ಕಣ್ಣಿಗೆ ದುಬಾರಿಯಾಗಿ ಕಂಡಳು. ಅವಳ ರಕ್ಷಣೆಗೆಂದು ಮಾಡಿದ ಕಾನೂನೇ ಅವಳನ್ನು ಮೊದಲು ಕೆಲಸದಿಂದ ತೆಗೆಯಲು ನೆಪವಾಯಿತು. ಇದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ತಾವು ಕೇಳಿದ ಮಹಿಳಾ ವಿಭಾಗ, ಅಂದರೆ ಇನೆಸ್ಸಾ ಅರ್ಮಾಂದ್ ಮತ್ತು ಅಲೆಕ್ಸಾಂದ್ರಾ ಕೊಲ್ಲೊಂತಾಯ್ ಮುನ್ನಡೆಸಿದ, 1919ರಲ್ಲಿ ಸ್ಥಾಪನೆಯಾದ ಝೆನೋತ್ದೆಲ್, ಇದನ್ನು ಸುಮ್ಮನೆ ನೋಡುತ್ತ ಕೂರಲಿಲ್ಲ. ಗಿರಣಿಯ ಹೆಂಗಸರೇ ಆರಿಸಿ ಕಳುಹಿಸಿದ ಪ್ರತಿನಿಧಿಗಳನ್ನು ಅದು ಕೆಲವು ತಿಂಗಳ ಕಾಲ ಸೋವಿಯತ್ತುಗಳ, ಅಂದರೆ ಚುನಾಯಿತ ಆಡಳಿತ ಮಂಡಳಿಗಳ, ಇಲಾಖೆಗಳಲ್ಲಿ ಕೆಲಸ ಕಲಿಯಲು ಕೂರಿಸಿತು. ಊಟದ ಮನೆ, ಆಸ್ಪತ್ರೆ, ಶಾಲೆಗಳ ಸ್ಥಿತಿಯನ್ನು ಅವರೇ ಹೋಗಿ ನೋಡಿ ಬರುತ್ತಿದ್ದರು. ಓದು ಬರಹ ಆಗಷ್ಟೇ ಕಲಿಯುತ್ತಿದ್ದವಳು ಅಧಿಕಾರಿಯ ಎದುರು ನಿಂತು ಲೆಕ್ಕ ಕೇಳುವುದು ಆ ನಾಡಿಗೆ ಹೊಸದು. ಈ ವಿಭಾಗ ಹೆಂಗಸರನ್ನು ಕಾರ್ಮಿಕ ವರ್ಗದಿಂದ ಬೇರೆ ಮಾಡುತ್ತದೆಂಬ ಅಸಮಾಧಾನ ಪಕ್ಷದ ಗಂಡಸರಲ್ಲಿ ಮೊದಲಿನಿಂದಲೂ ಇತ್ತು. 1930ರಲ್ಲಿ ಮಹಿಳೆಯ ಪ್ರಶ್ನೆ ಬಗೆಹರಿಯಿತೆಂದು ಹೇಳಿ ಅದನ್ನು ಮುಚ್ಚಿದಾಗ ಕಾನೂನು ಹಾಗೆಯೇ ಉಳಿಯಿತು. ಇಲ್ಲವಾದದ್ದು, ಅದು ಎಲ್ಲಿ ಜಾರಿಯಾಗಿಲ್ಲವೆಂದು ಕೇಳುವವರು.

ಇದರ ಪರಿಣಾಮ ಆರು ವರ್ಷಗಳಲ್ಲೇ ಕಾಣಿಸಿತು. 1920ರಲ್ಲಿ ಕಾನೂನುಬದ್ಧಗೊಂಡಿದ್ದ ಗರ್ಭಪಾತವನ್ನು ನಿಷೇಧಿಸುವ ಕರಡನ್ನು 1936ರ ಮೇ ತಿಂಗಳಲ್ಲಿ ಸಾರ್ವಜನಿಕ ಚರ್ಚೆಗೆ ಬಿಟ್ಟರು. ವಾಸಕ್ಕೆ ಜಾಗವಿಲ್ಲ, ಓದು ಅರ್ಧಕ್ಕೆ ನಿಲ್ಲುತ್ತದೆ ಎಂದು ಹೆಂಗಸರು ಪತ್ರಿಕೆಗಳಿಗೆ ಕಾಗದ ಬರೆದರು. ಅವುಗಳಲ್ಲಿ ಕೆಲವು ಅಚ್ಚೂ ಆದವು. ಆದರೆ ಆ ಕಾಗದಗಳನ್ನು ಹಿಡಿದು ಅವರ ಪರವಾಗಿ ವಾದಿಸಲು ಪಕ್ಷದೊಳಗೆ ಯಾವ ವಿಭಾಗವೂ ಉಳಿದಿರಲಿಲ್ಲ. ಜೂನ್ 27ರಂದು ನಿಷೇಧ ಕಾನೂನಾಯಿತು.

— ಸಂಪಾದಕ