ಬೆರಳು ಚುಚ್ಚದೆ ಶುಗರ್ ತೋರಿಸುವ ವಾಚ್‌ಗಳಲ್ಲಿ ಯಾವುದು ಒಳ್ಳೆಯದು?

ಯಾವುದೂ ಬೇಡ. ಚುಚ್ಚಿ ಚುಚ್ಚಿ ಸಾಕಾಗಿದೆ ಅಂತ ಬರೆದಿದ್ದೀರಲ್ಲ, ಅದೇ ಬೇಸರಕ್ಕೆ ನಾನೂ ಅಂಥದ್ದೊಂದು ತಗೊಂಡಿದ್ದೆ. ಹಿಂಬದಿಯಲ್ಲಿ ಹಸಿರು ದೀಪ, ಮುಂದೆ ಶುಗರ್ ನಂಬರ್.

ಸುಮ್ನೆ ನಂಬಿರಲಿಲ್ಲ, ಪರೀಕ್ಷೆ ಮಾಡಿಯೇ ನಂಬಿದ್ದು. ಎಡವಟ್ಟಾಗಿದ್ದೇ ಆ ಪರೀಕ್ಷೆಯಲ್ಲಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೀಟರ್ 128 ಅಂದರೆ ವಾಚ್ 121 ಅನ್ನುತ್ತಿತ್ತು. ಪರವಾಗಿಲ್ಲ ಅಂದುಕೊಂಡು ಮೀಟರನ್ನು ಎತ್ತಿಟ್ಟೆ. ಆದರೆ ನನ್ನ ಬೆಳಗಿನ ಶುಗರ್ ಆಗ ಹೆಚ್ಚೂಕಡಿಮೆ ಅಷ್ಟೇ ಇರುತ್ತಿತ್ತು. ಆ ಹೊತ್ತಿಗೆ ಕಣ್ಣು ಮುಚ್ಚಿಕೊಂಡು 120 ಅಂದರೂ ಸರಿಹೋಗುತ್ತಿತ್ತು! ಯಂತ್ರ ಅಳೆಯುತ್ತಿದೆಯೋ ಊಹಿಸುತ್ತಿದೆಯೋ ಗೊತ್ತಾಗುವುದು ಶುಗರ್ ಏರುವಾಗ, ಇಳಿಯುವಾಗ. ಊಟವಾಗಿ ಒಂದೆರಡು ಗಂಟೆಗೆ ಹೋಲಿಸಬೇಕಿತ್ತು. ನಾನು ಹೋಲಿಸಲಿಲ್ಲ. ವಾಚ್ 130 ತೋರಿಸುತ್ತಿದೆ ಎಂಬ ಧೈರ್ಯದಲ್ಲಿ ಊಟದ ಹಿಡಿತ ತಪ್ಪಿತು. ಬೆಳಗಿನ ಶುಗರ್ ಕೂಡ ಮೇಲೇರಿತು, ವಾಚ್ ಅದನ್ನೂ ಹೇಳಲಿಲ್ಲ. ಕೊನೆಗೆ ಎಚ್‌ಬಿಎ1ಸಿ 9 ದಾಟಿತು. ಎರಡು ಮೂರು ತಿಂಗಳ ಸರಾಸರಿ ಹೇಳುವ ಟೆಸ್ಟ್ ಅದು, ಅದರ ಹತ್ತಿರ ವಾದ ಮಾಡೋಕಾಗಲ್ಲ. ಮಾತ್ರೆಯ ಜೊತೆ ಇನ್ಸುಲಿನ್ ಶುರುವಾಯಿತು. ಆಮೇಲೆ ಊಟವಾದ ಮೇಲೆ ನೋಡಿದರೆ ಮೀಟರ್ 240, ವಾಚ್ ಅದೇ 130!

ಬೆಳಕು ಹಾಯಿಸಿ ಗ್ಲೂಕೋಸ್ ಅಳೆಯುವುದು ಅಷ್ಟು ಸುಲಭವಲ್ಲ. ಚರ್ಮದೊಳಗಿನ ನೀರು, ಕೊಬ್ಬು, ಪ್ರೋಟೀನ್‌ಗಳ ನಡುವೆ ಅದರ ಸುಳಿವು ಸಂತೆಯಲ್ಲಿ ಪಿಸುಗುಟ್ಟಿದ ಹಾಗೆ. ಚರ್ಮ ಚುಚ್ಚದೆ ಶುಗರ್ ಅಳೆಯುತ್ತೇವೆ ಎನ್ನುವ ಸ್ಮಾರ್ಟ್‌ವಾಚ್, ಸ್ಮಾರ್ಟ್ ಉಂಗುರಗಳನ್ನು ಬಳಸಬೇಡಿ, ಅಂಥ ಯಾವುದಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. 2001ರಲ್ಲಿ ಅದೇ ಎಫ್‌ಡಿಎ ಒಪ್ಪಿದ್ದ ಗ್ಲೂಕೋವಾಚ್ ಅನ್ನುವುದೊಂದಿತ್ತು, ಆದರೆ ಅದು ಈ ಬಗೆಯ ಸ್ಮಾರ್ಟ್‌ವಾಚ್ ಅಲ್ಲ. ಸಣ್ಣ ಕರೆಂಟ್ ಹಾಯಿಸಿ ಚರ್ಮದಿಂದ ದ್ರವ ಎಳೆಯುತ್ತಿತ್ತು. ಚರ್ಮ ಕೆಂಪಾಗುತ್ತಿತ್ತು, ಸರಿಹೊಂದಿಸೋಕೆ ಬೆರಳನ್ನೂ ಚುಚ್ಚಬೇಕಿತ್ತು. ಮಾರುಕಟ್ಟೆಯಲ್ಲಿ ಉಳಿಯಲಿಲ್ಲ.

ನಿಮಗೆ ಸಾಕಾಗಿರುವುದು ನೋವು ತಾನೇ? ಹಾಗಿದ್ದರೆ ಸೂಜಿಯೇ ಇರಬಾರದು ಅನ್ನುವ ಹಟ ಬಿಡಿ. ಡಾಕ್ಟರ ಹತ್ತಿರ ಸಿಜಿಎಂ ಬಗ್ಗೆ ಕೇಳಿ, ಇನ್ಸುಲಿನ್ ತಗೊಳ್ಳುವವರಾದರೆ ಖಂಡಿತ ಕೇಳಿ. ಶುಗರನ್ನು ಸತತವಾಗಿ ಅಳೆಯುತ್ತಿರುವ, ತೋಳಿಗೆ ಅಂಟಿಸುವ ಸೆನ್ಸರ್ ಅದು. ಹಾಕುವಾಗ ಸೂಜಿ ಒಳಹೋಗಿ ತಕ್ಷಣ ಹೊರಬರುತ್ತದೆ, ಕೂದಲಿನಷ್ಟು ಸಣ್ಣ ಎಳೆಯೊಂದು ಮಾತ್ರ ಚರ್ಮದಡಿ ಉಳಿಯುತ್ತದೆ. ನನಗೆ ಬೆರಳು ಚುಚ್ಚಿದಷ್ಟೂ ನೋಯುವುದಿಲ್ಲ. ಸಾಮಾನ್ಯವಾಗಿ 10ರಿಂದ 15 ದಿನಕ್ಕೊಮ್ಮೆ ಬದಲಾಯಿಸಬೇಕು. ದುಬಾರಿ, ನಿಜ.

ಅದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು ಅಳೆಯುತ್ತದೆ. ಹಾಗಾಗಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ. ಆ ತೋಳಿನ ಮೇಲೆ ಮಲಗಿದರೆ ಸುಳ್ಳೇ ಲೋ ಶುಗರ್ ಅಂತ ಕೂಗುವುದೂ ಉಂಟು. ಮೈ ಬೆವರುತ್ತಿದೆ, ಕೈ ನಡುಗುತ್ತಿದೆ, ಸೆನ್ಸರ್ ಮಾತ್ರ ಎಲ್ಲ ಸರಿ ಅನ್ನುತ್ತಿದೆ ಅಂದಾಗ ಬೆರಳು ಚುಚ್ಚಿ ನೋಡಲೇಬೇಕು. ತುದಿಗೆ ಬೇಡ, ಬೆರಳಿನ ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಪ್ರತಿ ಸಲ ಹೊಸ ಲ್ಯಾನ್ಸೆಟ್ (ಚುಚ್ಚುವ ಸೂಜಿ) ಹಾಕಿ.

ಸೆನ್ಸರ್ ಕಳಿಸುವ ನಂಬರನ್ನು ವಾಚ್‌ನಲ್ಲಿ ನೋಡುವುದು ಬೇರೆ ವಿಷಯ, ಅದಕ್ಕೆ ನನ್ನ ತಕರಾರಿಲ್ಲ. ತಾನೇ ಅಳೆಯುತ್ತೇನೆ ಅನ್ನುವ ವಾಚನ್ನು ಈಗಾಗಲೇ ಕೊಂಡಿದ್ದರೆ ಹೆಜ್ಜೆ ಎಣಿಸೋಕೆ ಇಟ್ಟುಕೊಳ್ಳಿ. ಅದು ತೋರಿಸುವ ಶುಗರ್ ನೋಡಿ ಮಾತ್ರೆಯನ್ನಾಗಲಿ ಇನ್ಸುಲಿನ್ ಅನ್ನಾಗಲಿ ಹೆಚ್ಚುಕಡಿಮೆ ಮಾಡಬೇಡಿ.