ಸಂಪಾದಕರ ಉತ್ತರ: 1954ರ ಸ್ಟೀರಿಯೊ ಅಪ್ಪಟ ಸ್ಟೀರಿಯೊ

ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: ಸ್ಟೀರಿಯೊ ಗ್ರಾಮಫೋನ್ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಹಾಗಿದ್ದ ಮೇಲೆ, 1954ರಲ್ಲಿ ಶಿಕಾಗೊ ಸಿಂಫನಿ ವಾದ್ಯವೃಂದ ನುಡಿಸಿದ ಸಂಗೀತದ ಸಿಡಿಯ ಮೇಲೆ ‘ಸ್ಟೀರಿಯೊ’ ಎಂದು ಅಚ್ಚು ಹಾಕಿರುವುದು ಮೋಸವಲ್ಲವೇ?

ಖಂಡಿತ ಅಲ್ಲ, ಮಾನ್ಯರೇ. ಹಳೆಯ ಮೊನೊ, ಅಂದರೆ ಒಂದೇ ಧ್ವನಿಪಥದ, ಮುದ್ರಣಗಳನ್ನು ಯಂತ್ರದಲ್ಲಿ ತಿದ್ದಿ, ಎಡಕ್ಕೂ ಬಲಕ್ಕೂ ಬೇರೆ ಬೇರೆ ಧ್ವನಿ ಇರುವ ಸ್ಟೀರಿಯೊ ಎಂದು ಮಾರಿದ ಕಂಪನಿಗಳು ಇದ್ದವು. ನಿಮ್ಮ ಅನುಮಾನ ಅಲ್ಲಿ ಸರಿ. ಆದರೆ 1954ರ ಮಾರ್ಚ್‌ನಲ್ಲಿ ಫ್ರಿಟ್ಸ್ ರೈನರ್ ನಿರ್ದೇಶನದಲ್ಲಿ ಶಿಕಾಗೊದವರು ರಿಚರ್ಡ್ ಸ್ಟ್ರಾಸ್‌ನ ಕೃತಿ ನುಡಿಸಿದಾಗ ಅಮೆರಿಕದ ಧ್ವನಿಮುದ್ರಣ ಕಂಪನಿ ಆರ್‌ಸಿಎಯ ತಂತ್ರಜ್ಞರು ಅದನ್ನು ಎರಡು ಟ್ರ್ಯಾಕಿನ ಟೇಪಿನಲ್ಲಿಯೇ ಹಿಡಿದಿದ್ದರು. ಕೇಳುಗರ ಕೈಗೆ ಮೊದಲು ಸಿಕ್ಕಿದ್ದು ಮಾತ್ರ ಮೊನೊ ತಟ್ಟೆ. ಕಾರಣ ಇಷ್ಟೇ: ಟೇಪಿನಲ್ಲಿ ಎಡ ಮತ್ತು ಬಲದ ಧ್ವನಿಗಳು ಒಂದರ ಪಕ್ಕ ಒಂದು ಪ್ರತ್ಯೇಕ ಪಟ್ಟಿಗಳಾಗಿ ಓಡುತ್ತವೆ. ತಟ್ಟೆಯಲ್ಲಾದರೆ ಒಂದೇ ಗೀರಿನಲ್ಲಿ, ಒಂದೇ ಮುಳ್ಳು ಎರಡನ್ನೂ ಓದಬೇಕು. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್ಲೈನ್ 1931ರಲ್ಲೇ ಇದರ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರೂ ಅದು ಅಂಗಡಿಗೆ ಬರಲು ಕಾಲು ಶತಮಾನ ಹಿಡಿಯಿತು.

ಟೇಪಿನ ಸ್ಟೀರಿಯೊ ಶಿಕಾಗೊದಲ್ಲಿ ಹುಟ್ಟಿದ್ದೂ ಅಲ್ಲ. ಯುದ್ಧಕಾಲದ ಬರ್ಲಿನ್ ರೇಡಿಯೊದಲ್ಲಿ ಜರ್ಮನಿಯ ಎಇಜಿ ಕಂಪನಿಯ ಮ್ಯಾಗ್ನೆಟೊಫೋನ್ ಎಂಬ ಟೇಪ್ ಮುದ್ರಣ ಯಂತ್ರಗಳಿದ್ದವು. 1940ರಲ್ಲಿ ಅಲ್ಲಿನ ಎಂಜಿನಿಯರ್ ವಾಲ್ಟರ್ ವೇಬರ್, ಧ್ವನಿಯ ಸಂಕೇತದ ಜೊತೆಗೆ ಅಧಿಕ ಆವರ್ತನದ ವಿದ್ಯುತ್ತನ್ನೂ ಟೇಪಿಗೆ ಧ್ವನಿ ಬರೆಯುವ ಭಾಗವಾದ ಮುದ್ರಣದ ಹೆಡ್‌ಗೆ ಹರಿಸಿದರೆ ಟೇಪಿನ ಗೊರಗೊರ ಸದ್ದು ಬಹುಪಾಲು ಅಡಗುತ್ತದೆಂದು ಕಂಡುಕೊಂಡರು. ಆ ಸ್ವಚ್ಛ ಟೇಪಿನ ಮೇಲೆ ಹೆಲ್ಮುಟ್ ಕ್ರ್ಯೂಗರ್ ಎಂಬ ತಂತ್ರಜ್ಞರು ಸ್ಟೀರಿಯೊ ಮುದ್ರಣ ನಡೆಸಿದರು. ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. 1944ರ ಸೆಪ್ಟೆಂಬರ್‌ನಲ್ಲಿ ಕಾರಾಯಾನ್ ನಿರ್ದೇಶಿಸಿದ, ಬ್ರುಕ್ನರ್‌ನ ಎಂಟನೆಯ ಸಿಂಫನಿಯ ಕೊನೆಯ ಭಾಗ ಅವುಗಳಲ್ಲೊಂದು. ಗೀಸೆಕಿಂಗ್ ಪಿಯಾನೊ ನುಡಿಸಿದ ಬೇಥೊವನ್‌ನ ‘ಎಂಪರರ್’ ಕಾನ್ಚೆರ್ಟೊ ಇನ್ನೊಂದು. ಅದರ ಮೆಲುದನಿಯ ಜಾಗಗಳಲ್ಲಿ ವಿಮಾನ ನಿರೋಧಕ ತೋಪುಗಳ ಸದ್ದು ಕೇಳಿಸುತ್ತದೆ. ನಗರದ ಮೇಲೆ ಬಾಂಬು ಬೀಳುತ್ತಿದ್ದ ಕಾಲದಲ್ಲೂ ಮೈಕಿನ ಜಾಗ ಸರಿಪಡಿಸುತ್ತಿದ್ದ ಕ್ರ್ಯೂಗರ್ ಹೆಸರು ಇಷ್ಟು ಕಡಿಮೆ ಜನರಿಗೆ ಗೊತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಯುದ್ಧದ ಬಳಿಕ ಅಮೆರಿಕದ ಸೈನ್ಯದಲ್ಲಿದ್ದ ಜಾಕ್ ಮಲ್ಲಿನ್ ಎರಡು ಮ್ಯಾಗ್ನೆಟೊಫೋನ್‌ಗಳನ್ನು ಬಿಡಿಭಾಗಗಳಾಗಿ ಊರಿಗೆ ಕಳುಹಿಸಿ, ಜೋಡಿಸಿ, 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪ್ರದರ್ಶಿಸಿದರು. ಅದನ್ನು ಕಂಡು ಕಲಿತ ಆಂಪೆಕ್ಸ್ ಕಂಪನಿ 1948ರಲ್ಲಿ ತನ್ನದೇ ಯಂತ್ರ ಹೊರತಂದಿತು. ಶಿಕಾಗೊ ಮುದ್ರಣದ ಬೇರು ಇರುವುದು ಆ ಬರ್ಲಿನ್ ಯಂತ್ರಗಳಲ್ಲಿ. ನಿಮ್ಮ ಸಿಡಿಯನ್ನು ನಿಶ್ಚಿಂತೆಯಿಂದ ಕೇಳಿ.